ಪಕ್ಕದ ಮನೆಯ ಸಲಿವನ್‌ಗಳು ನಮಗೇನಾಗಬೇಕು?

ಪ್ರಶ್ನೆ: ನಾನು ಹಾಸನದವಳು. ಮದುವೆಯಾಗಿ ಐರ್ಲೆಂಡಿನ ಕಾರ್ಕ್ ನಗರದಲ್ಲಿದ್ದೇನೆ. ಗಂಡ ಐರಿಶ್, ಓ'ಸಲಿವನ್ ಮನೆತನ. ಅವರ ಮೂಲ ಮನೆ ಬೇರಾ ಪರ್ಯಾಯ ದ್ವೀಪದಲ್ಲಿ, ಐರೀಸ್ ಊರಿನ ಹತ್ತಿರ. ಬೇಲಿ ದಾಟಿದರೆ ಇನ್ನೊಂದು ಮನೆ. ಅವರೂ ಸಲಿವನ್, ಆದರೆ ಹೆಸರಿನ ಮುಂದೆ 'ಓ' ಇಲ್ಲ. 'ಅವರಿಗೂ ನಮಗೂ ಸಂಬಂಧವಿಲ್ಲ' ಎನ್ನುತ್ತಾರೆ ಅತ್ತೆ. ಆದರೆ ಕಿಲ್‌ಕ್ಯಾತರಿನ್‌ನ ಹಳೆಯ ಸ್ಮಶಾನದಲ್ಲಿ ಎರಡೂ ಮನೆಯವರ ಗೋರಿಗಳು ಅಕ್ಕಪಕ್ಕದಲ್ಲೇ ಇವೆ. ಮಗಳಿಗೆ ಸ್ಕೂಲಿನಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ್ದಾರೆ. ಪತ್ತೆ ಹಚ್ಚುವುದು ಹೇಗೆ? ಸುಮ್ನೆ ಒಂದು ಡಿಎನ್‌ಎ ಟೆಸ್ಟ್ ಮಾಡಿಸಿಬಿಟ್ಟರೆ ಸಾಕಾ?

ಉತ್ತರ: ಟೆಸ್ಟ್ ಮಾಡಿಸಿ, ಆದರೆ ಕೊನೆಗೆ. ಮೊದಲು ಅತ್ತೆಯವರ ಮಾತನ್ನೇ ಸ್ವಲ್ಪ ಬಿಡಿಸಿ ನೋಡೋಣ.

'ಸಂಬಂಧವಿಲ್ಲ' ಅಂದರಲ್ಲ, ಅವರ ಲೆಕ್ಕದಲ್ಲಿ ಸಂಬಂಧ ಎಲ್ಲಿಗೆ ಮುಗಿಯುತ್ತದೆ? ಐರ್ಲೆಂಡಿನ ಹಳ್ಳಿಗಳಲ್ಲಿ ದೂರದ ನೆಂಟರನ್ನು 'ಫಾರ್ ಔಟ್' ಎಂದು ಬದಿಗಿಡುವ ರೂಢಿ ಇದೆ. ಇನ್ನೊಂದು ತಮಾಷೆ: ಹಳಬರ ಇಂಗ್ಲಿಷ್‌ನಲ್ಲಿ 'ಫ್ರೆಂಡ್ಸ್' ಎಂದರೆ ಗೆಳೆಯರಲ್ಲ, ನೆಂಟರು. ಐರಿಶ್ ಭಾಷೆಯಲ್ಲಿ ಈ ಲೆಕ್ಕ ಇನ್ನೂ ಖಚಿತ. ಒಬ್ಬ ಅಜ್ಜನ ಮೊಮ್ಮಕ್ಕಳು ಪರಸ್ಪರ 'ಕೊಲ್ ಕ್ಯಾಹರ್', ಅಂದರೆ ನಾಲ್ಕರ ನೆಂಟರು. ನಿಮ್ಮಿಂದ ಅಪ್ಪನಿಗೆ ಒಂದು ಹೆಜ್ಜೆ, ಅಜ್ಜನಿಗೆ ಎರಡು, ಅಲ್ಲಿಂದ ಚಿಕ್ಕಪ್ಪನಿಗೆ ಇಳಿದರೆ ಮೂರು, ಅವನ ಮಗನಿಗೆ ನಾಲ್ಕು. ಮುತ್ತಜ್ಜ ಒಬ್ಬನೇ ಆದರೆ 'ಕೊಲ್ ಶೆಶರ್', ಆರರ ನೆಂಟರು. ಅದರಾಚೆ ಎಂಟು. ಎಂಟಕ್ಕಿಂತ ಆಚೆ ಹೋದವರನ್ನು ನೆನಪಿನಲ್ಲಿಟ್ಟುಕೊಳ್ಳುವ ಮನೆಗಳು ಕಡಿಮೆ.

ಹಾಗಾಗಿ ಅತ್ತೆ ಸುಳ್ಳು ಹೇಳುತ್ತಿಲ್ಲ. ಅವರಿಗೆ ಗೊತ್ತಿರುವ ಕಾಲದಲ್ಲಿ ಸಂಬಂಧ ಇಲ್ಲದಿರಬಹುದು. ಅಥವಾ ದಾಯಾದಿ ಜಗಳ ನಡೆದು ಮಾತು ಬಿಟ್ಟಿರಬಹುದು. ಜಮೀನು ಒಡೆದ ಕಡೆ ಮನಸ್ಸು ಒಡೆಯುವುದು ಹಾಸನದಲ್ಲಿ ಮಾತ್ರ ಅಲ್ಲವಲ್ಲ. ಹಾಗಾಗಿ 'ಅವರು ನಮಗೆ ಏನಾಗಬೇಕು' ಎಂದು ನೇರವಾಗಿ ಕೇಳಬೇಡಿ. ಆ ಮನೆಯ ಸಾವಿಗೆ ನಮ್ಮವರು ಯಾರಾದರೂ ಹೆಗಲು ಕೊಟ್ಟಿದ್ದರಾ, ಮದುವೆಗೆ ಕರೆ ಬರುತ್ತಿತ್ತಾ, ಆ ಮನೆಯ ಹಳೆಯ ಅಡ್ಡಹೆಸರು ಏನು ಎಂದು ಕೇಳಿ. ಅಡ್ಡಹೆಸರಿನ ವಿಷಯ ಮುಂದೆ ಹೇಳುತ್ತೇನೆ. ಅದು ಈ ಕಡೆಗೆ ತುಂಬಾ ಮುಖ್ಯ.

'ಓ' ಇದೆ, 'ಓ' ಇಲ್ಲ ಅನ್ನುವುದನ್ನು ಇವತ್ತೇ ಮರೆತುಬಿಡಿ. ಐರಿಶ್‌ನಲ್ಲಿ 'ಓ' ಎಂದರೆ ಮೊಮ್ಮಗ, ವಂಶದವನು. ಇಂಗ್ಲಿಷ್ ಆಡಳಿತದ ಕಾಲದಲ್ಲಿ ಅದು ಬಹಳ ಮನೆಗಳಲ್ಲಿ ಉದುರಿಹೋಯಿತು. 19ನೇ ಶತಮಾನದ ಕೊನೆಯಲ್ಲಿ ಐರಿಶ್ ಭಾಷೆ, ಸಂಸ್ಕೃತಿಯ ಅಭಿಮಾನ ಮತ್ತೆ ಚಿಗುರಿದಾಗ ಕೆಲವರು ತಿರುಗಿ ಸೇರಿಸಿಕೊಂಡರು, ಕೆಲವರು ಹಾಗೇ ಬಿಟ್ಟರು. ಅಪ್ಪ ಸಲಿವನ್, ಮಗ ಓ'ಸಲಿವನ್ ಆಗಿರುವ ದಾಖಲೆಗಳು ಬೇಕಾದಷ್ಟಿವೆ. ಅಣ್ಣ ಸೇರಿಸಿಕೊಂಡು ತಮ್ಮ ಬಿಟ್ಟಿರುವುದೂ ಉಂಟು.

ಸರ್‌ನೇಮ್ ಒಂದೇ ಎನ್ನುವುದಕ್ಕೂ ಇಲ್ಲಿ ಜಾಸ್ತಿ ತೂಕ ಇಲ್ಲ. 1890ರ ಜನನ ದಾಖಲೆಗಳನ್ನು ಇಟ್ಟುಕೊಂಡು ರಾಬರ್ಟ್ ಮ್ಯಾಥೆಸನ್ ಎಂಬ ಅಧಿಕಾರಿ ಐರ್ಲೆಂಡಿನ ಸರ್‌ನೇಮ್‌ಗಳ ಪಟ್ಟಿ ಮಾಡಿದ್ದರು. ಮರ್ಫಿ, ಕೆಲ್ಲಿ ಆದಮೇಲೆ ಮೂರನೆಯ ಜಾಗ ಸಲಿವನ್‌ದು. ಅವರಲ್ಲಿ ಹೆಚ್ಚಿನವರು ಕಾರ್ಕ್ ಮತ್ತು ಕೆರಿ ಕೌಂಟಿಗಳಲ್ಲೇ ಇದ್ದರು. ಬೇರಾದಲ್ಲಂತೂ ಕಲ್ಲೆಸೆದರೆ ಸಲಿವನ್ ಮನೆಯ ಮೇಲೇ ಬೀಳುತ್ತದೆ. ಅಲ್ಲಿ ಅಕ್ಕಪಕ್ಕದ ಎರಡು ಮನೆ ಸಲಿವನ್ ಎನ್ನುವುದೂ, ಹಾಸನದ ಹಳ್ಳಿಯಲ್ಲಿ ಅಕ್ಕಪಕ್ಕದ ಎರಡು ಮನೆಯವರು ಗೌಡರು ಎನ್ನುವುದೂ ಒಂದೇ. ಅದೇ ಸರ್‌ನೇಮ್ ಆ ಸೀಮೆಯಲ್ಲಿ ಅಪರೂಪವಾಗಿದ್ದು, ಎರಡೇ ಮನೆ ಇದ್ದು, ಅವೂ ಅಕ್ಕಪಕ್ಕದಲ್ಲಿದ್ದರೆ ನಾನು ಕಣ್ಣುಮುಚ್ಚಿ ನೆಂಟರು ಎನ್ನುತ್ತಿದ್ದೆ.

ಹಾಗೆಯೇ ಯಾರಾದರೂ 'ನಾವೆಲ್ಲ ಡನ್‌ಬಾಯ್ ಕೋಟೆಯ ಓ'ಸಲಿವನ್ ಬೇರ್ ವಂಶದವರು' ಎಂದರೆ ನಕ್ಕು ಸುಮ್ಮನಾಗಿ. ಬೇರಾವನ್ನು ಆಳುತ್ತಿದ್ದ ಆ ವಂಶದ ಕೋಟೆ ಇಂಗ್ಲಿಷರ ಕೈಗೆ ಬಿದ್ದಿದ್ದು 1602ರಲ್ಲಿ. ಆ ವರ್ಷದ ಕೊನೆಯ ದಿನ ವಂಶದ ನಾಯಕ ಡೊನಾಲ್ ಕ್ಯಾಮ್ ಓ'ಸಲಿವನ್ ಸುಮಾರು ಸಾವಿರ ಜನರನ್ನು ಕಟ್ಟಿಕೊಂಡು ಚಳಿಯಲ್ಲಿ ಉತ್ತರದ ಲೀಟ್ರಿಮ್ ಕಡೆ ಹೊರಟ. ತಲುಪಿದ್ದು 35 ಮಂದಿ. ಒಳ್ಳೆಯ ಕಥೆ, ನಿಜವಾದ ಕಥೆ. ಆದರೆ ಆ ಕೊಂಬೆಗೆ ನಿಮ್ಮ ಮಗಳ ವಂಶವೃಕ್ಷವನ್ನು ನೇತುಹಾಕಲು ನಡುವಿನ ಇನ್ನೂರು ವರ್ಷದ ಕಾಗದ ಯಾರ ಬಳಿಯೂ ಇಲ್ಲ.

ಇಷ್ಟು ವರ್ಷ ವಂಶ ಹುಡುಕುವ ಈ ಕೆಲಸ ಮಾಡಿ ನಾನು ಕಲಿತದ್ದು ಇಷ್ಟು: ಗಂಡಸರ ಹೆಸರು ಬಿಡಿ, ಜಮೀನನ್ನು ಹಿಡಿಯಿರಿ, ಹೆಂಗಸರನ್ನು ಹಿಡಿಯಿರಿ. ಈ ಸೀಮೆಯಲ್ಲಿ ಗಂಡಸರ ಹೆಸರುಗಳೇ ಹತ್ತು ಹನ್ನೆರಡು. ಡೇನಿಯಲ್, ಜಾನ್, ಮೈಕಲ್, ಪ್ಯಾಟ್ರಿಕ್, ಟಿಮೊಥಿ, ಜೆರಿಮಾಯಾ, ಕಾರ್ನೀಲಿಯಸ್, ಮತ್ತೆ ಅವೇ. ಅದೂ ಸಾಲದು ಅಂತ ಒಬ್ಬನಿಗೇ ಮೂರು ವೇಷ. ಮನೆಯಲ್ಲಿ ಡಿಯರ್ಮಿಡ್, ಚರ್ಚಿನ ಪುಸ್ತಕದಲ್ಲಿ ಜೆರಿಮಾಯಾ, ತೆರಿಗೆ ಪುಸ್ತಕದಲ್ಲಿ ಡಾರ್ಬಿ. ಟೈಗ್ ಎಂಬುವನು ಟಿಮೊಥಿ ಆಗುತ್ತಾನೆ, ಥೇಡಿಯೂ ಆಗುತ್ತಾನೆ. ಫ್ಲಾರೆನ್ಸ್ ಎಂದು ಕಂಡರೆ ಹೆಂಗಸು ಅಂದುಕೊಳ್ಳಬೇಡಿ, ಇಲ್ಲಿ ಅದು ಫಿನೀನ್ ಎಂಬ ಗಂಡಸಿನ ಹೆಸರಿನ ಇಂಗ್ಲಿಷ್ ರೂಪ. ಸಲಿವನ್‌ಗಳ ನಡುವೆ ಒಬ್ಬ ಡೇನಿಯಲ್ ಸಲಿವನ್‌ನನ್ನು ಹುಡುಕುವುದಕ್ಕಿಂತ ಅವನ ಹೆಂಡತಿಯನ್ನು ಹುಡುಕುವುದು ಸುಲಭ. ಕ್ಯಾಥಲಿಕ್ ಚರ್ಚಿನ ನಾಮಕರಣ ಪುಸ್ತಕದಲ್ಲೂ ಸರ್ಕಾರದ ಜನನ ದಾಖಲೆಯಲ್ಲೂ ತಾಯಿಯ ತವರಿನ ಸರ್‌ನೇಮ್ ಬರೆಯುತ್ತಾರೆ. ಡೇನಿಯಲ್ ಸಲಿವನ್‌ಗಳು ಆರು ಜನ ಇರಬಹುದು. ಆದರೆ ಹ್ಯಾರಿಂಗ್ಟನ್ ಮನೆಯ ಹೊನೋರಾಳನ್ನು ಮದುವೆಯಾದ ಡೇನಿಯಲ್ ಒಬ್ಬನೋ ಇಬ್ಬರೋ.

ಮೊದಲ ಕೆಲಸ, ಎರಡೂ ಮನೆಗಳಿರುವ ಟೌನ್‌ಲ್ಯಾಂಡ್‌ನ ಎಲ್ಲ ಸಲಿವನ್ ಮನೆಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಟೌನ್‌ಲ್ಯಾಂಡ್ ಅಂದರೆ ಇಲ್ಲಿನ ಭೂಮಿಯ ಅತಿ ಚಿಕ್ಕ ವಿಭಾಗ, ನಮ್ಮ ಮಜರೆಗಿಂತಲೂ ಚಿಕ್ಕದಿರಬಹುದು. ಇಡೀ ದ್ವೀಪದಲ್ಲಿ 60,000ಕ್ಕೂ ಹೆಚ್ಚು ಇವೆ. ನಿಮ್ಮವರನ್ನು ಮಾತ್ರ ಹುಡುಕಿದರೆ ಸಿಕ್ಕಿದ್ದೆಲ್ಲ ನಿಮ್ಮವರಂತೆಯೇ ಕಾಣುತ್ತದೆ. ಎಲ್ಲರನ್ನೂ ಬರೆದರೆ ಯಾರು ಅಲ್ಲ ಎನ್ನುವುದೂ ಗೊತ್ತಾಗುತ್ತದೆ.

ಈ ಹಾಳೆ ತುಂಬಿಸಲು 1901 ಮತ್ತು 1911ರ ಜನಗಣತಿಯಿಂದ ಶುರು ಮಾಡಿ. ಎರಡೂ ನ್ಯಾಷನಲ್ ಆರ್ಕೈವ್ಸ್ ವೆಬ್‌ಸೈಟಿನಲ್ಲಿ ಉಚಿತ. ಅದಕ್ಕಿಂತ ಹಿಂದಿನ ಜನಗಣತಿಗಳ ಕಥೆ ದುಃಖದ್ದು. 1821ರಿಂದ 1851ರವರೆಗಿನವು 1922ರ ಜೂನ್ 30ರಂದು ಡಬ್ಲಿನ್‌ನ ಫೋರ್ ಕೋರ್ಟ್ಸ್ ಎಂಬ ಕೋರ್ಟು ಕಟ್ಟಡದಲ್ಲಿ ಸುಟ್ಟುಹೋದವು, ಅಲ್ಲಿ ಇಲ್ಲಿ ಒಂದಿಷ್ಟು ಚೂರು ಉಳಿದವು. 1861, 1871ರವನ್ನು ಸರ್ಕಾರವೇ ನಾಶ ಮಾಡಿತ್ತು. 1881, 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿಗೆ ಹೋದವು. ಉಳಿದ ಎರಡರಲ್ಲಿ ವಯಸ್ಸನ್ನು ನಂಬಬೇಡಿ. 1909ರಿಂದ 70 ದಾಟಿದವರಿಗೆ ವೃದ್ಧಾಪ್ಯ ಪಿಂಚಣಿ ಶುರುವಾಯಿತು. ಹಾಗಾಗಿ 1901ರಲ್ಲಿ 56 ಇದ್ದವರು 1911ರಲ್ಲಿ 71 ಆಗಿಬಿಟ್ಟಿರುತ್ತಾರೆ! ಆದರೆ ಮನೆಯಲ್ಲಿ ಆ ರಾತ್ರಿ ಯಾರಿದ್ದರು, ಯಜಮಾನನಿಗೆ ಏನಾಗಬೇಕು ಎಂಬ ಅಂಕಣವನ್ನು ಸರಿಯಾಗಿ ನೋಡಿ. ಪಕ್ಕದ ಮನೆಯ ಹುಡುಗಿ ಈ ಮನೆಯಲ್ಲಿ 'ನೀಸ್' ಎಂದು ದಾಖಲಾಗಿದ್ದರೆ ಅರ್ಧ ಕೆಲಸ ಮುಗಿಯಿತು.

ಸರ್ಕಾರದ ಜನನ, ಮರಣ ನೋಂದಣಿ 1864ರ ಜನವರಿ 1ರಿಂದ ಶುರು. ಕ್ಯಾಥಲಿಕ್ ಮದುವೆಗಳ ನೋಂದಣಿಯೂ ಆಗಿನಿಂದಲೇ. ಮದುವೆ ದಾಖಲೆಯಲ್ಲಿ ಇಬ್ಬರ ಅಪ್ಪಂದಿರ ಹೆಸರು, ಕಸುಬು, ಸಾಕ್ಷಿಗಳು ಇರುತ್ತಾರೆ. ಸಾವಿನ ದಾಖಲೆಯಲ್ಲಿ ಸುದ್ದಿ ಕೊಟ್ಟವರು ಯಾರು ಎಂದಿರುತ್ತದೆ. ಇವೆಲ್ಲ ಐರಿಶ್ ಜೀನಿಯಾಲಜಿ ಎಂಬ ಸರ್ಕಾರಿ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ಇಲ್ಲಿ ಜಾಸ್ತಿ ಹೇಳುವುದೇನಿಲ್ಲ, ಕೂತು ಹುಡುಕಬೇಕು ಅಷ್ಟೇ.

ಜಮೀನಿನ ವಿಷಯದಲ್ಲಿ ಮಾತ್ರ ಸ್ವಲ್ಪ ನಿಂತು ನೋಡಬೇಕು. 1847ರಿಂದ 1864ರವರೆಗೆ ಇಡೀ ಐರ್ಲೆಂಡಿನ ಜಮೀನು, ಮನೆಗಳಿಗೆ ಬೆಲೆ ಕಟ್ಟಿ ಪಟ್ಟಿ ಅಚ್ಚು ಹಾಕಿಸಿದರು. ಮುಂದಾಳು ರಿಚರ್ಡ್ ಗ್ರಿಫಿತ್, ಹಾಗಾಗಿ ಅದಕ್ಕೆ ಗ್ರಿಫಿತ್ಸ್ ವ್ಯಾಲ್ಯುಯೇಶನ್ ಎಂದೇ ಹೆಸರು. ಕಾರ್ಕ್ ಕೌಂಟಿಯದು 1850ರ ದಶಕದ ಆರಂಭದ್ದು, ಅಂದರೆ ಮಹಾ ಕ್ಷಾಮ ಮುಗಿದ ಕೂಡಲೇ. ಸಾಲಿನ ಮೊದಲಲ್ಲಿ ನಕ್ಷೆಯ ಸಂಖ್ಯೆ, ಆಮೇಲೆ ಸಾಗುವಳಿದಾರ, ಅವನಿಗೆ ಗೇಣಿಗೆ ಕೊಟ್ಟವನು, ವಿಸ್ತೀರ್ಣ, ವಾರ್ಷಿಕ ಬೆಲೆ. ನೀವು ಹುಡುಕಬೇಕಾದ್ದು ಒಂದೇ ಸಂಖ್ಯೆಯ ಕೆಳಗೆ ಎ, ಬಿ, ಸಿ ಎಂದು ಮೂರ್ನಾಲ್ಕು ಹೆಸರಿಗೆ ಸೇರಿಸಿ ಕಂಸ ಹಾಕಿರುವ ಜಾಗ. ಅಂದರೆ ಜಮೀನು ಜಂಟಿ, ಮನೆ ಬೇರೆ ಬೇರೆ.

ಉದಾಹರಣೆಗೆ ಒಂದು ಕಲ್ಪನೆಯ ಪುಟ ನೋಡೋಣ. ಸಂಖ್ಯೆ 4, ಒಟ್ಟು ಜಮೀನಿನ ಬೆಲೆ 12 ಪೌಂಡ್. ಮೂವರು ಸಲಿವನ್‌ಗಳು. ಮೊದಲನೆಯವನ ಪಾಲು 6 ಪೌಂಡ್, ಎರಡನೆಯವನದು 3, ಮೂರನೆಯವನದು 3. ಇದನ್ನು ಓದಿದ ಕೂಡಲೇ ನನಗೆ ಕಾಣುವುದು ಒಂದು ಮುದಿ ತಂದೆ. ಅವನ ಜಮೀನು ಇಬ್ಬರು ಮಕ್ಕಳಿಗೆ ಅರ್ಧರ್ಧ ಆಗಿದೆ. ಒಬ್ಬ ತನ್ನ ಅರ್ಧವನ್ನು ಇಟ್ಟುಕೊಂಡಿದ್ದಾನೆ. ಇನ್ನೊಬ್ಬನದು ಅವನ ಇಬ್ಬರು ಮಕ್ಕಳಿಗೆ ಕಾಲು ಕಾಲು ಆಗಿದೆ. ಹಾಗಾದರೆ ಮೊದಲನೆಯವನು ಉಳಿದಿಬ್ಬರಿಗೆ ದೊಡ್ಡಪ್ಪನೋ ಚಿಕ್ಕಪ್ಪನೋ. ಕ್ಷಾಮಕ್ಕೆ ಮುಂಚೆ ಜಮೀನನ್ನು ಹೀಗೆ ಮಕ್ಕಳಿಗೆ ಹಂಚುವುದು ಸಾಮಾನ್ಯವಾಗಿತ್ತು. ಆಮೇಲೆ ಆ ಪದ್ಧತಿ ಕಡಿಮೆಯಾಯಿತು. ಒಬ್ಬ ಮಗನಿಗೆ ಜಮೀನು, ಉಳಿದವರಿಗೆ ಹಡಗಿನ ಟಿಕೆಟ್.

ಇದು ಸಾಕ್ಷಿ ಅಲ್ಲ, ಊಹೆ. ಜಂಟಿ ಸಾಗುವಳಿ ಮಾಡಿದವರೆಲ್ಲ ಅಣ್ಣತಮ್ಮಂದಿರಲ್ಲ. ಆದರೆ ಪರೀಕ್ಷೆ ಮಾಡಬಹುದಾದ ಊಹೆ. 1823ರಿಂದ 1837ರ ನಡುವೆ ಬರೆದ ಟೈಥ್ ಪುಸ್ತಕಗಳಿವೆ. ಆಂಗ್ಲಿಕನ್ ಚರ್ಚಿಗೆ ಕ್ಯಾಥಲಿಕ್ ರೈತರೂ ಕೊಡಬೇಕಾಗಿದ್ದ ತೆರಿಗೆಯ ಪಟ್ಟಿ ಅದು. ಅದೇ ಟೌನ್‌ಲ್ಯಾಂಡ್ ತೆಗೆದು ನೋಡಿ. ಅಲ್ಲಿ ಒಂದೇ ಸಲಿವನ್ ಹೆಸರಿದ್ದು, ಒಂದು ತಲೆಮಾರು ಕಳೆದು ಗ್ರಿಫಿತ್‌ನಲ್ಲಿ ಮೂರು ಹೆಸರು 6, 3, 3 ಆಗಿ ಒಡೆದಿದ್ದರೆ ಊಹೆಗೆ ಬಲ ಬಂತು. ಆಗಲೇ ಎರಡು ಹೆಸರು ಬೇರೆ ಬೇರೆ ಇದ್ದರೆ ಒಡೆದದ್ದು ಇನ್ನೂ ಹಿಂದೆ, ಅಥವಾ ಒಡೆದೇ ಇಲ್ಲ. ಈ ಸೀಮೆಯ ಕೆಲವು ಹಳೆಯ ದಾಖಲೆಗಳಲ್ಲಿ ಜಮೀನನ್ನು ಎಕರೆ ಬದಲು 'ಗ್ನೀವ್' ಲೆಕ್ಕದಲ್ಲಿ ಹೇಳಿರುತ್ತಾರೆ. 12 ಗ್ನೀವ್ ಸೇರಿದರೆ ಒಂದು 'ಪ್ಲೌಲ್ಯಾಂಡ್'. ಪಾಲು ಹಂಚಿದ ಗುರುತು ಎಕರೆಗಿಂತ ಗ್ನೀವ್‌ನಲ್ಲಿ ಚೆನ್ನಾಗಿ ಕಾಣುತ್ತದೆ, ಏಕೆಂದರೆ ಪಾಲು ಮಾಡುವಾಗ ಅವರು ಯೋಚಿಸಿದ್ದೇ ಆ ಲೆಕ್ಕದಲ್ಲಿ.

ಗ್ರಿಫಿತ್ ಪಟ್ಟಿಯಲ್ಲಿ ಕೆಲವು ಹೆಸರುಗಳ ಪಕ್ಕ ಕಂಸದಲ್ಲಿ ಇನ್ನೊಂದು ಪದ ಇರುತ್ತದೆ. ಒಂದೇ ಕಡೆ ಒಂದೇ ಹೆಸರಿನ ಇಬ್ಬರು ಇದ್ದರೆ ಗುಮಾಸ್ತ ಏನು ಮಾಡಬೇಕು? ಅಪ್ಪನ ಹೆಸರು ಹಾಕುತ್ತಿದ್ದ, ಇಲ್ಲವೇ ಊರಿನವರು ಕರೆಯುವ ಅಡ್ಡಹೆಸರು ಹಾಕುತ್ತಿದ್ದ. ರೂವಾ ಅಂದರೆ ಕೆಂಪು, ಬಾನ್ ಅಂದರೆ ಬಿಳಿ, ಸೀರ್ ಅಂದರೆ ಕುಶಲಕರ್ಮಿ. ಬೇರಾದಲ್ಲಿ ಇಂಥ ಅಡ್ಡಹೆಸರು ಒಬ್ಬನಿಗೆ ಮುಗಿಯುವುದಿಲ್ಲ, ಮೂರ್ನಾಲ್ಕು ತಲೆಮಾರು ಕವಲಿಗೇ ಅಂಟಿಕೊಳ್ಳುತ್ತದೆ. ಕೆಂಪು ಕೂದಲಿನವನು ಸತ್ತು ನೂರು ವರ್ಷವಾದರೂ ಕಪ್ಪು ಕೂದಲಿನ ಮರಿಮಗ ರೂವಾನೇ. ನಮ್ಮ ಉತ್ತರ ಕರ್ನಾಟಕದ ಮನೆತನದ ಹೆಸರುಗಳೂ ಎಷ್ಟೋ ಹೀಗೆ ಹುಟ್ಟಿದವೇ ಅಲ್ವಾ? ಎರಡೂ ಮನೆಯ ಅಡ್ಡಹೆಸರು ಒಂದೇ ಎಂದು ಗೊತ್ತಾದರೆ ಅದು ಸರ್‌ನೇಮ್‌ಗಿಂತ ಹತ್ತು ಪಟ್ಟು ಗಟ್ಟಿ ಸುಳಿವು. ಬೇರೆ ಬೇರೆ ಎಂದಾದರೆ ಮಾತ್ರ ಆತುರಪಡಬೇಡಿ. ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬ ರೂವಾ, ಇನ್ನೊಬ್ಬ ಬಾನ್ ಆಗಿರಬಾರದೇನು? ಅದಕ್ಕೇ ಅತ್ತೆಯವರನ್ನು ಅಡ್ಡಹೆಸರು ಕೇಳಿ ಎಂದಿದ್ದು.

ಗ್ರಿಫಿತ್ ಆದಮೇಲೆ ಏನಾಯಿತು ಎನ್ನುವುದಕ್ಕೆ ರಿವಿಷನ್ ಪುಸ್ತಕಗಳಿವೆ. ನಮ್ಮ ಖಾತೆ ಬದಲಾವಣೆ ರಿಜಿಸ್ಟರ್ ಇದ್ದ ಹಾಗೆ. ಸಾಗುವಳಿದಾರ ಬದಲಾದಾಗ ಹಳೆಯ ಹೆಸರು ಹೊಡೆದುಹಾಕಿ, ಬೇರೆ ಬಣ್ಣದ ಶಾಯಿಯಲ್ಲಿ ಹೊಸ ಹೆಸರು, ಪಕ್ಕದಲ್ಲಿ ವರ್ಷ. ಡಬ್ಲಿನ್‌ನ ವ್ಯಾಲ್ಯುಯೇಶನ್ ಆಫೀಸಿನವು ಅವು. ಈಗ ಆ ಕಚೇರಿ ಟಾಯ್ಲ್ಚೆ ಏರನ್ ಎಂಬ ಸಂಸ್ಥೆಯ ಭಾಗ. ಮಕ್ಕಳಿಲ್ಲದ ಮುದುಕನ ಜಮೀನು ಪಕ್ಕದ ಮನೆಯ ಹುಡುಗನ ಹೆಸರಿಗೆ ಹೋಗಿದ್ದರೆ ಅವನು ಅಣ್ಣನ ಮಗನೋ ತಂಗಿಯ ಮಗನೋ ಆಗಿರುವ ಸಾಧ್ಯತೆ ಜಾಸ್ತಿ. ಆಗ 1858ರಿಂದ ಶುರುವಾಗುವ ಉಯಿಲುಗಳ ವಾರ್ಷಿಕ ಸೂಚಿಯನ್ನೂ ನೋಡಿ. ಆಸ್ತಿ ವಿಲೇವಾರಿಗೆ ಕೋರ್ಟು ಯಾರಿಗೆ ಅಧಿಕಾರ ಕೊಟ್ಟಿತು ಎಂದು ಅದರಲ್ಲಿರುತ್ತದೆ, ಎಷ್ಟೋ ಸಲ ಸಂಬಂಧದ ಸಮೇತ.

ಇಲ್ಲಿ ನಾನೇ ಬಿದ್ದ ಗುಂಡಿಯೊಂದಿದೆ, ಹೇಳಿಬಿಡುತ್ತೇನೆ. ಒಂದು ಮನೆಯ ಕೆಲಸ ಮಾಡುವಾಗ ರಿವಿಷನ್ ಪುಸ್ತಕದಲ್ಲಿ ಮೈಕಲ್ ಸಲಿವನ್ ಹೊಡೆದುಹಾಕಿ ಡೇನಿಯಲ್ ಸಲಿವನ್ ಎಂದು ಬರೆದಿತ್ತು. ಅಪ್ಪ ಹೋದ, ಮಗ ಬಂದ ಎಂದುಕೊಂಡು ಆರು ತಿಂಗಳು ಆ ಮೈಕಲ್‌ನ ಹಿಂದಿನವರನ್ನು ಹುಡುಕಿದೆ. ಕೊನೆಗೊಂದು ದಿನ ಡೇನಿಯಲ್‌ನ ಮದುವೆ ದಾಖಲೆ ಸಿಕ್ಕಿತು. ಅದರಲ್ಲಿ ಅವನ ಅಪ್ಪ ಟಿಮೊಥಿ. ಮೈಕಲ್ ಅವನ ಮಾವ! ಡೇನಿಯಲ್ ಮನೆಯಳಿಯನಾಗಿ ಬಂದಿದ್ದ. ಇದಕ್ಕೆ ಐರಿಶ್‌ನಲ್ಲಿ 'ಕ್ಲೀವನ್ ಇಶ್ಟಾಖ್' ಎಂಬ ಮಾತೇ ಇದೆ, ಒಳಗೆ ಬಂದ ಅಳಿಯ. ಬೇರೆ ಸರ್‌ನೇಮ್‌ನವನಾಗಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಸಲಿವನ್ ಮನೆಗೆ ಸಲಿವನ್ ಅಳಿಯ ಬಂದದ್ದರಿಂದ ಕಾಗದದ ಮೇಲೆ ಗೆರೆ ಎಲ್ಲೂ ಮುರಿದಿರಲಿಲ್ಲ. ನಿಮ್ಮ ಎರಡು ಮನೆಯಲ್ಲೂ ಇದು ಆಗಿರಬಹುದು. ಪ್ರತಿ ಖಾತೆ ಬದಲಾವಣೆಗೂ ಮದುವೆ ದಾಖಲೆಯ ಅಪ್ಪನ ಹೆಸರನ್ನು ತಾಳೆ ನೋಡದೆ ಮುಂದೆ ಹೋಗಬೇಡಿ.

ಇನ್ನು ಚರ್ಚಿನ ಪುಸ್ತಕಗಳು. ಬೇರಾ ಇರುವುದು ಹೆಚ್ಚಾಗಿ ಕಾರ್ಕ್ ಕೌಂಟಿಯಲ್ಲಾದರೂ ಚರ್ಚಿನ ಆಡಳಿತದಲ್ಲಿ ಅದು ಕೆರಿ ಡಯಾಸಿಸ್‌ಗೆ ಸೇರಿದ್ದು. ಕಾರ್ಕ್ ಡಯಾಸಿಸ್‌ನಲ್ಲಿ ಹುಡುಕಿ ಸುಸ್ತಾದವರು ಬಹಳ ಜನ. ಆ ಕಡೆಯ ಪುಸ್ತಕಗಳು 1820ರ ಸುಮಾರಿನಿಂದ ಸಿಗುತ್ತವೆ. ನ್ಯಾಷನಲ್ ಲೈಬ್ರರಿ 2015ರಲ್ಲಿ ಪುಟಗಳ ಚಿತ್ರಗಳನ್ನೇ ಉಚಿತವಾಗಿ ಹಾಕಿದೆ. ಬೇರೆಯವರು ಮಾಡಿದ ಸೂಚಿ ನೋಡಿದರೂ ಕೊನೆಗೆ ಮೂಲ ಪುಟ ನೋಡಲೇಬೇಕು. ಏಕೆಂದರೆ ನಮಗೆ ಬೇಕಾದ್ದು ಎಷ್ಟೋ ಸಲ ಅಂಚಿನಲ್ಲಿ ಗೀಚಿರುತ್ತದೆ, ಸೂಚಿಯಲ್ಲಿ ಬಂದಿರುವುದಿಲ್ಲ.

ನಾಮಕರಣದ ಸಾಲಿನಲ್ಲಿ ಮಗು, ಅಪ್ಪ, ತಾಯಿಯ ತವರಿನ ಹೆಸರು, ಆಮೇಲೆ ಇಬ್ಬರು ಸ್ಪಾನ್ಸರ್‌ಗಳು. ಅಂದರೆ ಮಗುವಿನ ಧರ್ಮತಂದೆ, ಧರ್ಮತಾಯಿ. ಸಾಮಾನ್ಯವಾಗಿ ಅಪ್ಪ ಅಮ್ಮಂದಿರ ಅಣ್ಣತಮ್ಮ ಅಕ್ಕತಂಗಿಯರು ಈ ಜಾಗಕ್ಕೆ ಬರುತ್ತಾರೆ. ಎರಡು ಮನೆಯವರು ಪರಸ್ಪರರ ಮಕ್ಕಳಿಗೆ ನಿಂತಿದ್ದರೆ ಖುಷಿಪಡಿ, ಆದರೆ ಕುಣಿಯಬೇಡಿ. ಪಕ್ಕದ ಮನೆಯವರು ಹತ್ತಿರ ಇದ್ದಾರೆ ಎಂಬ ಕಾರಣಕ್ಕೂ ನಿಂತಿರಬಹುದು. ನನಗೆ ಜಾಸ್ತಿ ನಂಬಿಕೆ ದೂರದ ಸ್ಪಾನ್ಸರ್‌ಗಳ ಮೇಲೆ. ಹತ್ತು ಮೈಲಿ ಆಚೆಯ ಆಲಿಹೀಸ್‌ನಿಂದ ಒಬ್ಬ ಸಲಿವನ್ ನಿಮ್ಮ ಮನೆಯ ಮಗುವಿಗೂ ಬಂದಿದ್ದಾನೆ, ಪಕ್ಕದ ಮನೆಯ ಮಗುವಿಗೂ ಬಂದಿದ್ದಾನೆ ಎನ್ನಿ. ಅಷ್ಟು ದೂರ ಗುಡ್ಡ ಹತ್ತಿಳಿದು ಬರುವವನು ಸುಮ್ನೆ ಬರುವುದಿಲ್ಲ. ಅವನು ಎರಡೂ ಮನೆಗೆ ಬೇಕಾದವನು.

ಮದುವೆಯ ಪುಟದಲ್ಲಿ ಇನ್ನೂ ಬೆಲೆಬಾಳುವ ಒಂದು ಸಾಲಿದೆ. ನಮ್ಮ ಕಡೆ ಸೋದರಮಾವನ ಮಗಳು ಅಂದರೆ ಕೇಳಿ ತರುವ ಸಂಬಂಧ. ಕ್ಯಾಥಲಿಕ್ ಚರ್ಚಿನಲ್ಲಿ ಅದು ನಿಷಿದ್ಧ. ಆ ಕಾಲದಲ್ಲಿ ನಾಲ್ಕನೇ ಮೆಟ್ಟಿಲಿನವರೆಗೆ, ಅಂದರೆ ಮುತ್ತಜ್ಜನ ಅಪ್ಪ ಒಬ್ಬನೇ ಆಗಿದ್ದರೂ, ಮದುವೆ ಆಗುವಂತಿರಲಿಲ್ಲ. ಆಗಲೇಬೇಕು ಎಂದರೆ ವಿಶೇಷ ಅನುಮತಿ ಪಡೆಯಬೇಕು. ಪಾದ್ರಿ ಅದನ್ನು ಲ್ಯಾಟಿನ್‌ನಲ್ಲಿ ಬರೆದಿಡುತ್ತಿದ್ದ. 'ಸೆಕುಂಡೊ' ಎಂದಿದ್ದರೆ ಎರಡನೇ ಮೆಟ್ಟಿಲು, ಒಂದೇ ಅಜ್ಜನ ಮೊಮ್ಮಕ್ಕಳು. 'ಟೆರ್ಶಿಯೊ' ಎಂದರೆ ಮುತ್ತಜ್ಜ ಒಂದೇ. 'ಟೆರ್ಶಿಯೊ ಎಟ್ ಕ್ವಾರ್ಟೊ' ಎಂದರೆ ಒಂದು ಕಡೆಯಿಂದ ಮೂರು ಮೆಟ್ಟಿಲು, ಇನ್ನೊಂದು ಕಡೆಯಿಂದ ನಾಲ್ಕು. ಇದರ ಮುಂದಿನ ಪದವನ್ನು ತಪ್ಪದೆ ಓದಿ. 'ಕಾನ್‌ಸಾಂಗ್ವಿನಿಟಾಟಿಸ್' ಎಂದರೆ ರಕ್ತ ಸಂಬಂಧ. 'ಅಫಿನಿಟಾಟಿಸ್' ಎಂದರೆ ಮೊದಲ ಗಂಡನ ಅಥವಾ ಹೆಂಡತಿಯ ಕಡೆಯ ಸಂಬಂಧ, ರಕ್ತದ್ದಲ್ಲ.

ನಿಮ್ಮ ಎರಡು ಮನೆಗಳ ನಡುವೆ ಯಾವಾಗಲಾದರೂ ಮದುವೆ ನಡೆದಿದ್ದರೆ ಮೊದಲು ಆ ಪುಟಕ್ಕೆ ಹೋಗಿ. ಅನುಮತಿಯ ಟಿಪ್ಪಣಿ ಇದ್ದರೆ ಅವರು ನೆಂಟರು, ಎಷ್ಟು ದೂರ ಎಂಬುದೂ ಸಿಕ್ಕಿತು. ಆದರೆ ಆ ಸಂಬಂಧ ಸಲಿವನ್ ಕಡೆಯಿಂದಲೇ ಎಂದು ಹೇಳಲಾಗದು. ಇಬ್ಬರ ಅಜ್ಜಿಯರು ಒಂದೇ ಹ್ಯಾರಿಂಗ್ಟನ್ ಮನೆಯಿಂದ ಬಂದಿರಬಹುದು. ಟಿಪ್ಪಣಿ ಇಲ್ಲ, ಆದರೆ ಅದೇ ಪಾದ್ರಿ ಅದೇ ವರ್ಷಗಳಲ್ಲಿ ಬೇರೆ ಜೋಡಿಗಳಿಗೆ ಬರೆದಿದ್ದಾನೆ ಎನ್ನಿ. ಆಗ ಅತ್ತೆಯ ಮಾತೇ ಸರಿ ಇರಬಹುದು. ಇಲ್ಲ ಎನ್ನುವುದಕ್ಕೆ ಸಾಕ್ಷಿ ಸಿಗುವುದು ಈ ಕೆಲಸದಲ್ಲಿ ಬಹಳ ಅಪರೂಪ, ಇದು ಅಂಥ ಒಂದು.

ಮನೆ ಬಿಟ್ಟು ಹೋದವರನ್ನೂ ಮರೆಯಬೇಡಿ. ಆಲಿಹೀಸ್‌ನಲ್ಲಿ 1812ರಿಂದ ತಾಮ್ರದ ಗಣಿ ನಡೆಯುತ್ತಿತ್ತು. ಅದು ಸೊರಗಿದಾಗ ಬೇರಾದ ಗಣಿ ಕೆಲಸಗಾರರು ಅಮೆರಿಕದ ಮೊಂಟಾನಾದ ಬ್ಯೂಟ್ ಪಟ್ಟಣಕ್ಕೆ ಗುಂಪು ಗುಂಪಾಗಿ ಹೋದರು. 20ನೇ ಶತಮಾನದ ಆರಂಭದ ಅಮೆರಿಕದ ಹಡಗು ಪಟ್ಟಿಗಳಲ್ಲಿ ಯಾರ ಬಳಿ ಹೋಗುತ್ತಿದ್ದೀರಿ, ಅವರು ನಿಮಗೆ ಏನಾಗಬೇಕು ಎಂಬ ಅಂಕಣವಿದೆ. ನಿಮ್ಮ ಮನೆಯ ಹುಡುಗ ಪಕ್ಕದ ಮನೆಯಿಂದ ಹೋದವನನ್ನು ಅಲ್ಲಿ 'ಕಸಿನ್' ಎಂದು ಬರೆಸಿರಬಹುದು. ಇಲ್ಲಿ ಮಾತು ಬಿಟ್ಟವರು ಅಲ್ಲಿ ಒಂದೇ ಕೋಣೆಯಲ್ಲಿದ್ದ ಉದಾಹರಣೆಗಳಿವೆ.

ಈಗ ಡಿಎನ್‌ಎ. ಎರಡು ಬಗೆ ಇದೆ. ವೈ ಟೆಸ್ಟ್ ಅಪ್ಪನಿಂದ ಮಗನಿಗೆ ಹೋಗುವ ವೈ ಕ್ರೋಮೊಸೋಮನ್ನು ನೋಡುತ್ತದೆ, ಸರ್‌ನೇಮ್ ಹೋಗುವ ದಾರಿಯೂ ಅದೇ. ಕೇಳಲು ಚೆನ್ನಾಗಿದೆ. ಆದರೆ ಇಬ್ಬರು ಬೇರಾ ಸಲಿವನ್‌ಗಳ ವೈ ಹೋಲಿದರೆ ಅವರ ಮೂಲ ಪುರುಷ 200 ವರ್ಷ ಹಿಂದಿನವನೋ 700 ವರ್ಷ ಹಿಂದಿನವನೋ ಎಂದು ಅಗ್ಗದ ಟೆಸ್ಟ್ ಹೇಳುವುದಿಲ್ಲ. ಇಬ್ಬರೂ 'ಆರ್1ಬಿ' ಎಂಬ ದೊಡ್ಡ ವೈ ಗುಂಪಿನವರು ಎಂದು ಬಂದರಂತೂ ಅದು ಏನೂ ಹೇಳಿದಂತಲ್ಲ, ಐರ್ಲೆಂಡಿನ ಗಂಡಸರಲ್ಲಿ ಹೆಚ್ಚಿನವರು ಅದೇ. ಹೋಲದಿದ್ದರೂ ನೆಂಟಸ್ತಿಕೆ ಇಲ್ಲ ಎಂದಲ್ಲ. ಮನೆಯಳಿಯನ ಕಥೆ ಆಗಲೇ ಹೇಳಿದೆನಲ್ಲ.

ನಿಮಗೆ ಉಪಯೋಗಕ್ಕೆ ಬರುವುದು ಆಟೊಸೋಮಲ್ ಟೆಸ್ಟ್. ಅಪ್ಪ ಅಮ್ಮ ಎರಡೂ ಕಡೆಯ ಡಿಎನ್‌ಎ ನೋಡುವಂಥದ್ದು. ಗಂಡನಿಗಲ್ಲ, ಗಂಡನ ಅಪ್ಪ ಇದ್ದರೆ ಅವರಿಗೆ ಮಾಡಿಸಿ. ಅವರಿಲ್ಲದಿದ್ದರೆ ಅವರ ಅಣ್ಣತಮ್ಮ, ಅಕ್ಕತಂಗಿ ಯಾರಾದರೂ. ಒಂದು ತಲೆಮಾರು ಮೇಲಿನವರಾದಷ್ಟೂ ಹಳೆಯ ಡಿಎನ್‌ಎ ಜಾಸ್ತಿ ಉಳಿದಿರುತ್ತದೆ. ಮುತ್ತಜ್ಜ ಒಬ್ಬನೇ ಆಗಿರುವ ಇಬ್ಬರಲ್ಲಿ ಸರಾಸರಿ 230 ಸೆಂಟಿಮಾರ್ಗನ್ (ಡಿಎನ್‌ಎ ತುಂಡುಗಳ ಉದ್ದ ಅಳೆಯುವ ಮಾನ) ಹೋಲುತ್ತದೆ. ಇನ್ನೊಂದು ತಲೆಮಾರು ಹಿಂದೆ ಹೋದರೆ ಸರಾಸರಿ 73, ಅಂಥವರಲ್ಲಿ ನೂರಕ್ಕೆ ಹತ್ತು ಜೋಡಿಗಳಲ್ಲಿ ಹೋಲಿಕೆ ಕಾಣಿಸುವುದೇ ಇಲ್ಲ. ಅದರಾಚೆ ಇನ್ನೊಂದು ತಲೆಮಾರು ಎಂದರೆ ಅರ್ಧಕ್ಕರ್ಧ ಜೋಡಿ ಖಾಲಿ. ಅಂದರೆ 'ಮ್ಯಾಚ್ ಇಲ್ಲ' ಎಂದರೆ ಹತ್ತಿರದ ನೆಂಟರಲ್ಲ ಎಂದಷ್ಟೇ ಅರ್ಥ. ಮ್ಯಾಚ್ ಬಂದರೂ ಬೇರಾದಲ್ಲಿ ಒಂದು ತೊಡಕಿದೆ. ಮೂರು ಕಡೆ ನೀರು, ನಡುವೆ ಗುಡ್ಡ. ತಲೆಮಾರುಗಟ್ಟಲೆ ಅಲ್ಲಲ್ಲೇ ಕೊಟ್ಟು ತಂದುಕೊಂಡ ಜನ. ಹಾಗಾಗಿ ಚೂರು ಚೂರು ಡಿಎನ್‌ಎ ಎಲ್ಲ ಕಡೆಯಿಂದ ಸೇರಿ ಅಂಕಿ ಉಬ್ಬುತ್ತದೆ. ಒಟ್ಟು ಅಂಕಿಗಿಂತ ಅತಿ ಉದ್ದದ ಒಂದು ತುಂಡು ಎಷ್ಟಿದೆ ಎಂದು ನೋಡಿ, ಇಬ್ಬರಿಗೂ ಹೋಲುವ ಮೂರನೆಯವರು ಯಾವ ಮನೆಯವರು ಎಂದು ನೋಡಿ.

ಪಕ್ಕದ ಮನೆಯವರನ್ನು ಟೆಸ್ಟಿಗೆ ಒಪ್ಪಿಸುವುದು ನಿಮ್ಮ ಜಾಣತನಕ್ಕೆ ಬಿಟ್ಟದ್ದು. ಎಂಥ ಗುಟ್ಟಾದರೂ ಹೊರಬರಬಹುದು ಎಂದು ಮೊದಲೇ ಹೇಳಿ. ಟೆಸ್ಟಿನ ಡಬ್ಬಿಯನ್ನು ನೇರವಾಗಿ ಕೈಗೆ ಕೊಡುವ ಬದಲು ಒಂದು ಸಂಜೆ ಹಳೆಯ ಫೋಟೊ ಹಿಡಿದುಕೊಂಡು ಟೀಗೆ ಹೋಗಿ. ಆ ಮನೆಯ ಹಿರಿಯರಿಗೆ ನಿಮ್ಮ ಅತ್ತೆಗೆ ಗೊತ್ತಿಲ್ಲದ್ದು ಗೊತ್ತಿರಬಹುದು.

ಗೋರಿಗಳ ವಿಷಯ ಕೇಳಿದ್ದಿರಿ. ಅಕ್ಕಪಕ್ಕ ಇದ್ದ ಮಾತ್ರಕ್ಕೆ ಏನೂ ಹೇಳಲಾಗದು, ಒಂದೇ ಸ್ಥಳದಲ್ಲಿ ಇಬ್ಬರನ್ನೂ ಹೂತಿದ್ದರೆ ಮಾತ್ರ ಅರ್ಥವಿದೆ. ಹಳೆಯ ಬಡ ಮನೆಗಳಿಗೆ ಕೆತ್ತಿದ ಕಲ್ಲೇ ಇರಲಿಲ್ಲ, ಗುರುತಿಗೆ ಒಂದು ಹೊಲದ ಕಲ್ಲು ನೆಟ್ಟಿರುತ್ತಾರೆ. ಅಕ್ಷರ ಇರುವ ಕಲ್ಲಾದರೆ ಬಿಸಿಲು ಓರೆಯಾಗಿ ಬೀಳುವ ಬೆಳಗ್ಗೆಯೋ ಸಂಜೆಯೋ ಫೋಟೊ ತೆಗೆಯಿರಿ, ಮಾಸಿದ ಅಕ್ಷರ ಎದ್ದು ಕಾಣುತ್ತದೆ. ತೊಳೆಯಲು, ಉಜ್ಜಲು ಹೋಗಬೇಡಿ. ಸತ್ತವರ ಹೆಸರಿಗಿಂತ ಕಲ್ಲು ಹಾಕಿಸಿದವರ ಹೆಸರನ್ನು ಮೊದಲು ಬರೆದುಕೊಳ್ಳಿ. ಅಮೆರಿಕದಿಂದ ದುಡ್ಡು ಕಳಿಸಿದ ತಮ್ಮನೋ ಅಣ್ಣನ ಮಗನೋ ಅಲ್ಲಿ ಸಿಗುತ್ತಾನೆ.

ಮಗಳ ಸ್ಕೂಲಿನ ಹಾಳೆ ಇಷ್ಟೆಲ್ಲ ಮುಗಿಯುವವರೆಗೆ ಕಾಯುವುದಿಲ್ಲ, ಗೊತ್ತು. ಸದ್ಯಕ್ಕೆ ಪಕ್ಕದ ಮನೆಯನ್ನು ಚುಕ್ಕಿ ಗೆರೆಯಲ್ಲಿ ಸೇರಿಸಲು ಹೇಳಿ, ಪೆನ್ಸಿಲಿನಲ್ಲಿ.